ಗುರುತಿದೆ, ಅರಿವಿಲ್ಲ

‘ಕೆವೈಸಿ ಮಾಡಿಸಿದ್ದೀರಾ?’ ಬ್ಯಾಂಕಿನ ಕೌಂಟರಿನಲ್ಲಿ ಕೇಳಿಬರುವ ಈ ಪ್ರಶ್ನೆಯ ಕ್ರಿಯಾಪದವನ್ನು ಗಮನಿಸಿ. ಆ ಮೂರಕ್ಷರದ ಅರ್ಥ ‘ನಿಮ್ಮ ಗ್ರಾಹಕರನ್ನು ಅರಿಯಿರಿ’ ಎಂದು. ಅರಿಯಬೇಕಾದವರು ಬ್ಯಾಂಕಿನವರು. ನಮ್ಮ ಬಾಯಲ್ಲಿ ಅದು ಗ್ರಾಹಕ ‘ಮಾಡಿಸಿಕೊಂಡು’ ಬರುವ ಕೆಲಸವಾಗಿದೆ, ಪಹಣಿ ತಿದ್ದುಪಡಿಯ ಹಾಗೆ. ಪದ್ಧತಿ ಹಾದಿ ತಪ್ಪಿದ್ದು ಇಲ್ಲೇ ಎಂಬುದು ನನ್ನ ವಾದ.

ಉದ್ದೇಶದ ಬಗ್ಗೆ ತಕರಾರಿಲ್ಲ. ವಂಚನೆಯ ಹಣ, ಲಂಚದ ಹಣ ಹೆಸರಿಲ್ಲದ ಖಾತೆಯಲ್ಲಿ ಅಡಗಬಾರದು. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಟ್ಟ ಕೆವೈಸಿ ನಿರ್ದೇಶನ ಎರಡೂ ಇರುವುದು ಇದಕ್ಕೇ. ಆದರೆ ಆಧಾರ್, ಪ್ಯಾನ್, ಫೋಟೊ ತಾಳೆಯಾದರೆ ಬಾಗಿಲು ಭದ್ರ ಎಂಬ ಖ್ಯಾತಿ ಬಂದಿದೆಯಲ್ಲ, ಅದು ಯೋಗ್ಯತೆಗೆ ಮೀರಿದ್ದು.

ಮ್ಯೂಲ್ ಖಾತೆಗಳನ್ನೇ ನೋಡಿ, ಅಂದರೆ ಕಳ್ಳಹಣ ಸಾಗಿಸಲು ಬೇರೊಬ್ಬರಿಗೆ ಬಾಡಿಗೆಗೆ ಕೊಟ್ಟ ಖಾತೆಗಳನ್ನು. ಫೋನಿನಲ್ಲಿ ಪೊಲೀಸರ ಸೋಗು ಹಾಕಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಕಿತ್ತ ಹಣ ಮೊದಲು ಬಂದು ಬೀಳುವುದು ಇಂಥ ಖಾತೆಗೆ. ಅದರ ಕಾಗದಪತ್ರ ಎಷ್ಟೋ ಸಲ ಅಪ್ಪಟ ಅಸಲಿ. ಆಧಾರ್ ಖಾತೆದಾರನದೇ, ಮುಖ ಅವನದೇ, ಸಹಿಯೂ ಅವನದೇ. ಕಮಿಷನ್ನಿನ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಬೇರೊಬ್ಬನ ಕೈಗೆ ಕೊಟ್ಟಿರುತ್ತಾನೆ. ‘ಇವನು ಯಾರು?’ ಎಂದು ಬ್ಯಾಂಕು ಕೇಳಿತ್ತು, ಸತ್ಯವಾದ ಉತ್ತರವೇ ಸಿಕ್ಕಿತ್ತು. ‘ಈ ಹಣ ಯಾರದು, ಇವನಲ್ಲಿಗೆ ಏಕೆ ಬಂತು?’ ಎಂಬುದನ್ನು ಕೇಳುವವರಿರಲಿಲ್ಲ. ಸಾವಿರಗಳಲ್ಲಿ ಕೂಲಿ ಜಮೆಯಾಗುತ್ತಿದ್ದ ಖಾತೆಗೆ ಒಂದು ಮಧ್ಯಾಹ್ನ ಲಕ್ಷಗಟ್ಟಲೆ ಬಂದು, ಗಂಟೆಯೊಳಗೆ ಹತ್ತು ಕಡೆ ಚದುರಿ ಹೋದರೆ, ಆ ಕಥೆ ಹೇಳುವುದು ಆಧಾರ್ ಅಲ್ಲ, ಲೆಡ್ಜರು. ಗ್ರಾಹಕನ ಕಸುಬು, ಆದಾಯಕ್ಕೆ ವಹಿವಾಟು ಹೊಂದುತ್ತದೆಯೇ ಎಂದು ಸದಾ ನಿಗಾ ಇಡಿ ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೂ ಹೇಳುತ್ತದೆ. ಕೌಂಟರಿನ ಮಾತಿನಲ್ಲಿ ಮಾತ್ರ ಆ ಭಾಗಕ್ಕೆ ಜಾಗವಿಲ್ಲ.

ಇಲ್ಲಿ ಎರಡು ಬಗೆಯ ವಿಮರ್ಶಕರೊಂದಿಗೆ ನನಗೆ ಜಗಳವಿದೆ. ಹಿಂದಿನ ಕಾಲವೇ ವಾಸಿ, ಮ್ಯಾನೇಜರಿಗೆ ಊರೆಲ್ಲ ಗೊತ್ತಿತ್ತು, ಹಳೆಯ ಖಾತೆದಾರರ ಪರಿಚಯದ ಸಹಿ ಸಾಕಿತ್ತು ಎನ್ನುವವರು ಒಂದು ಕಡೆ. ಆ ಸಹಿ ಯಾರಿಗೆ ಸಿಗುತ್ತಿತ್ತು? ಊರಾಚೆಯ ಕೇರಿಯವಳಿಗೆ, ರಾಯಚೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನಿಗೆ ಖಾತೆದಾರರ ಪರಿಚಯ ಎಲ್ಲಿಂದ ಬರಬೇಕು? ಪರಿಚಯದ ಸಹಿ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ ವಿಧಿಸಿದ್ದು ನ್ಯಾಯ. ಯಂತ್ರ ಎಲ್ಲವನ್ನೂ ಸರಿಮಾಡುತ್ತದೆ ಎನ್ನುವವರು ಇನ್ನೊಂದು ಕಡೆ. ಡಿಜಿಟಲ್ ಕೆವೈಸಿಯಲ್ಲಿ ಎದುರಿಗಿರುವವರು ಜೀವಂತ ವ್ಯಕ್ತಿಯೇ ಎಂದು ತಿಳಿಯಲು ಯಂತ್ರ ಕಣ್ಣು ಮಿಟುಕಿಸಲು ಹೇಳುತ್ತದೆ. ಆಸಿಡ್ ದಾಳಿಯಲ್ಲಿ ಕಣ್ಣು, ಮುಖ ಸುಟ್ಟವರು ಏನು ಮಾಡಬೇಕು? ಅವರು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಡಿಜಿಟಲ್ ಸೇವೆ ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪಿತ್ತಿತು. ಖಾತೆಯನ್ನು ಬಾಡಿಗೆಗೆ ಕೊಡಲು ಬಂದವನು ಅದೇ ಪರೀಕ್ಷೆಯನ್ನು ರೆಪ್ಪೆ ಬಡಿದು ದಾಟುತ್ತಾನೆ. ನಿರಪರಾಧಿಯನ್ನು ತಡೆದು ಅಪರಾಧಕ್ಕೆ ದಾರಿ ಬಿಡುವ ಪರೀಕ್ಷೆ ಅಳೆಯುತ್ತಿರುವುದೇ ಬೇರೆ ಏನನ್ನೋ.

ಹಾಗಾದರೆ ಅರಿಯುವುದು ಹೇಗೆ? ಉತ್ತರ ಇದೇ ನಿಯಮಗಳಲ್ಲಿದೆ, ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ದಾಖಲೆ ಇಲ್ಲದವರೂ ಫೋಟೊ ಕೊಟ್ಟು, ಬ್ಯಾಂಕಿನ ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿ ‘ಸ್ಮಾಲ್ ಅಕೌಂಟ್’ ತೆರೆಯಬಹುದು. ಶಿಲ್ಕು 50,000 ರೂಪಾಯಿ, ವರ್ಷದ ಜಮೆ 1 ಲಕ್ಷ, ತಿಂಗಳಲ್ಲಿ ತೆಗೆಯುವುದು 10,000 ಮೀರಬಾರದು. ದಾಖಲೆ ಒದಗಿಸಿಕೊಳ್ಳಲು ಸಮಯವೂ ಉಂಟು. ಇದನ್ನು ಬರೆದವರು ಮನುಷ್ಯನನ್ನು ಶಂಕಿಸಲಿಲ್ಲ, ಹಣದ ನಡೆಯ ಮೇಲೆ ಕಣ್ಣಿಟ್ಟರು. ಇಡೀ ಪದ್ಧತಿಯಲ್ಲಿ ‘ಅರಿ’ ಎಂಬ ಮಾತಿಗೆ ನಿಷ್ಠವಾಗಿರುವುದು, ಬಡವರಿಗೆಂದು ಬರೆದ ಈ ಪುಟ್ಟ ನಿಯಮ.