ಒಟ್ಟು ಲೆಕ್ಕದಲ್ಲಿ ಮರೆಯಾದ ಮೀನು

ಕಾವೇರಿಯ ಗೂನುಬೆನ್ನಿನ ಮಹಶೀರ್ ಏಕೆ ಕಡಿಮೆಯಾಯಿತು? ಪಿಂಡರ್, ರಾಘವನ್, ಬ್ರಿಟನ್ ಎಂಬ ಮೂವರು ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳನ್ನು ಜೊತೆಗಿಟ್ಟುಕೊಂಡು ಓದಿದರೆ ಈ ಪ್ರಶ್ನೆ ಎಷ್ಟು ಜಟಿಲವೆಂದು ತಿಳಿಯುತ್ತದೆ. ಎರಡಕ್ಕೂ ಆಧಾರ ಒಂದೇ: 1998ರಿಂದ 2012ರವರೆಗೆ ಕಾವೇರಿ ದಂಡೆಯ ಗಾಲಿಬೋರೆ ಶಿಬಿರದಲ್ಲಿ ಗಾಳಗಾರರು ಹಿಡಿದು ಮತ್ತೆ ನೀರಿಗೆ ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ದಾಖಲೆ.

ಮೊದಲ ಪ್ರಬಂಧ ಎಲ್ಲ ಮಹಶೀರ್‌ಗಳನ್ನೂ ಒಟ್ಟಾಗಿ ಎಣಿಸಿತು. ಗಾಳಕ್ಕೆ ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು; ಹೊಳೆ ಚೇತರಿಸಿಕೊಂಡಂತೆ ಕಂಡಿತು. ಎರಡನೆಯದು ಜಾತಿ ಬೇರ್ಪಡಿಸಿತು. ಹೆಚ್ಚಿದ್ದು ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಲೋನಾವಳಾದ ಟಾಟಾ ವಿದ್ಯುತ್ ಕಂಪನಿಯ ಕೇಂದ್ರದಲ್ಲಿ ಮರಿ ಮಾಡಿಸಿದ ಜಾತಿ ಅದು. ಗೂನುಬೆನ್ನಿನದು ಅಪರೂಪವಾಗುತ್ತಿತ್ತು, ಆದರೆ ಸಿಕ್ಕವುಗಳ ಸರಾಸರಿ ತೂಕ ಏರುತ್ತಿತ್ತು. ಮುದಿ ಮೀನುಗಳು ಉಳಿದಿವೆ, ಮರಿಗಳು ಬರುತ್ತಿಲ್ಲ ಎಂದು ಲೇಖಕರು ಇದನ್ನು ಓದಿದರು. ಇಡೀ ವಾದದಲ್ಲಿ ನನಗೆ ಅತ್ಯಂತ ಗಟ್ಟಿಯೆನಿಸುವ ಜಾಗ ಇದೇ.

ಕಾರಣದ ಮಾತು ಅಷ್ಟು ಗಟ್ಟಿಯಲ್ಲ. ಅಣೆಕಟ್ಟು, ಸಿಡಿಮದ್ದು, ಮರಳು ತೆಗೆಯುವುದು ಎರಡೂ ಜಾತಿಗೆ ತಟ್ಟಬೇಕಿತ್ತು. ಒಂದು ಹಿಗ್ಗಿ ಇನ್ನೊಂದು ಕುಗ್ಗಿದ್ದರಿಂದ ಹೊಸ ಮೀನಿನ ಮೇಲೆ ಅನುಮಾನ ಬೀಳುವುದು ನ್ಯಾಯವೇ. ಆದರೂ ಒಂದು ಏರಿದಾಗಲೇ ಇನ್ನೊಂದು ಇಳಿದದ್ದಷ್ಟೇ ಪುರಾವೆಯಾಗದು. ಬದಲಾದ ನೀರಿನ ಹರಿವು ಗೂನುಬೆನ್ನಿನ ಮೊಟ್ಟೆಗಳನ್ನಷ್ಟೇ ಕಾಡಿರಬಹುದು. ಗಾಳಗಾರರ ದಾಖಲೆ ಹೊಳೆಯ ಆಳದಲ್ಲಿ ನಡೆದದ್ದನ್ನು ಹೇಳಲಾರದು.

ಗೂನುಬೆನ್ನಿನ ಮಹಶೀರ್ ಟಾರ್ ರೆಮಾದೇವಿ ಎಂಬ ಜಾತಿಗೆ ಸೇರಿದ್ದೆಂದು ಖಚಿತವಾದದ್ದು 2018ರಲ್ಲಿ, ಅಳಿವಿನ ಅಂಚು ತಲುಪಿದ ಮೇಲೆ. ಅದಕ್ಕೆ ನೆರವಾದ ಮೀನುಗಳು ಸಿಕ್ಕಿದ್ದು ತಮಿಳುನಾಡಿನ ಸತ್ಯಮಂಗಲದ ಕಾಡಂಚಿನ ಮೋಯಾರ್ ಹೊಳೆಯಲ್ಲಿ.

ಅದೇ ಹೆಸರಿನ ನಮ್ಮ ತುಮಕೂರಿನ ಸತ್ಯಮಂಗಲದವರಿಗೂ ಇದು ದೂರದ ಸಂಗತಿಯಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ಸೀಮೆ ದಾಟಿ, ಕುಣಿಗಲ್‌ನ ಮಾರ್ಕೋನಹಳ್ಳಿ ಜಲಾಶಯ ತುಂಬಿ, ಕಾವೇರಿಯನ್ನೇ ಸೇರುತ್ತದೆ. ಇಲ್ಲಿನ ಕೆರೆಗಳಿಗೂ ಕಾಟ್ಲಾ, ರೋಹು ಮರಿ ಬಿಡುತ್ತೇವೆ. ಹಿಡಿದ ಮೀನನ್ನು ತೂಕದಲ್ಲೇ ಅಳೆಯುತ್ತೇವೆ. ಕಾವೇರಿಯಲ್ಲಿ ಮೊದಲ ಪ್ರಬಂಧದ ಕಣ್ಣು ತಪ್ಪಿಸಿದ್ದು ಇಂಥ ಒಟ್ಟು ಲೆಕ್ಕವೇ. 2012ರಲ್ಲಿ ರಕ್ಷಿತಾರಣ್ಯದೊಳಗೆ ಗಾಳ ಹಾಕುವುದು ನಿಂತಾಗ ಗಾಲಿಬೋರೆಯ ದಾಖಲೆಯೂ ನಿಂತುಹೋಯಿತು. ಅದರ ಜಾಗಕ್ಕೆ, ಶಿಂಷಾದಿಂದ ಹಿಡಿದು ಕೆಳಗಿನ ಕಾವೇರಿಯವರೆಗೆ, ಬಲೆಗೆ ಬಿದ್ದ ಮೀನನ್ನು ಜಾತಿವಾರು ಬರೆದಿಡುವ ಏರ್ಪಾಡನ್ನು ಮೀನುಗಾರಿಕೆ ಇಲಾಖೆಯೇ ಮಾಡಬೇಕು.