ಕಲ್ಲು, ಕಡತ, ಸರ್ವರ್

ಕಚೇರಿಯ ಕನ್ನಡದಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಕಂಪ್ಯೂಟರಿಗೆ ಕನ್ನಡ ಕಲಿಸಿದವರೂ ಅದೇ ಪದವನ್ನು ಎತ್ತಿಕೊಂಡರು. ಮೂಲದ ಕಡತ ಬೇರೆಯೇ ವಸ್ತು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಪ್ಪು ಪುಸ್ತಕ ಅದು. ಬಳಪದಿಂದ ಬರೆಯುವುದು, ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯುವುದು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಇದನ್ನು ಕುತೂಹಲದಿಂದ ವಿವರಿಸಿದ್ದಾನೆ. ಶೃಂಗೇರಿ ಮಠದ ಇಂಥ ಕಡತಗಳನ್ನು ಎ.ಕೆ. ಶಾಸ್ತ್ರಿಯವರು ಓದಿ ಪ್ರಕಟಿಸಿದ್ದರಿಂದ ಅದರೊಳಗಿನ ಜಗತ್ತು ನಮಗೆ ತೆರೆದುಕೊಂಡಿತು.

ಈಗ ಇದನ್ನು ನೆನೆಯಲು ಕಾರಣವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹಳೆಯ ಮನೆಗಳ ಅಟ್ಟದಲ್ಲಿರುವ ಓಲೆಗರಿ, ಪತ್ರ, ಯಕ್ಷಗಾನ ಪ್ರಸಂಗದ ಹಸ್ತಪ್ರತಿಗಳನ್ನೆಲ್ಲ ಡಿಜಿಟಲ್ ಭಂಡಾರಕ್ಕೆ ಸೇರಿಸುವ ಮಾತು ಬಂದಾಗಲೆಲ್ಲ ಎಷ್ಟು ಪುಟ ಸ್ಕ್ಯಾನ್ ಆಯಿತು ಎಂಬ ಲೆಕ್ಕವೇ ಮುಂದೆ ಬರುತ್ತದೆ. ಅವನ್ನು ಎಲ್ಲಿಟ್ಟಿರಿ, ಯಾವ ರೂಪದಲ್ಲಿಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಅದು ಎಂಜಿನಿಯರುಗಳ ಪಾಡು ಎಂದು ಸಾಹಿತ್ಯದವರು ಕೈತೊಳೆದುಕೊಂಡಿದ್ದೇವೆ. ಆದರೆ ಪಠ್ಯವನ್ನು ಯಾವುದರ ಮೇಲೆ ಇಡಬೇಕೆಂದು ನಿರ್ಧರಿಸುವವರು ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನೂ ನಿರ್ಧರಿಸಿಬಿಡುತ್ತಾರೆ. ಇದಕ್ಕಿಂತ ಸಾಹಿತ್ಯಕ ಪ್ರಶ್ನೆ ಯಾವುದಿದೆ?

ಈ ಸೀಮೆಯ ಹಿಂದಿನವರಿಗೆ ಇದು ಗೊತ್ತಿತ್ತು. ಕೆಳದಿಯ ಶಿವಪ್ಪನಾಯಕನ (1645–1660) ‘ಶಿಸ್ತು’ ಇಂದಿಗೂ ನಮ್ಮ ಮಾತಿನಲ್ಲಿದೆ. ಊರೂರಿನಲ್ಲಿ ಬಗೆಬಗೆಯ ಗದ್ದೆಗಳನ್ನು ಹನ್ನೆರಡು ವರ್ಷ ಸರ್ಕಾರದ ವತಿಯಿಂದಲೇ ಬೇಸಾಯ ಮಾಡಿಸಿ, ಬಿತ್ತಿದ್ದು, ಖರ್ಚಾದದ್ದು, ಬೆಳೆದದ್ದು ಎಲ್ಲವನ್ನೂ ಬರೆದಿಟ್ಟು, ಆ ಸರಾಸರಿಯ ಮೇಲೆ ಕಂದಾಯ ಗೊತ್ತುಮಾಡಿದನೆಂದು ಗೆಜೆಟಿಯರುಗಳು ಹೇಳುತ್ತವೆ. ವರ್ಷವರ್ಷ ಬದಲಾಗುವ ಇಂಥ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಯಲು ಯಾವ ಶಾನುಭೋಗನೂ ಒಪ್ಪಲಾರ. ಅದಕ್ಕೆ ಒರೆಸಲು ಬರುವ ವಸ್ತುವೇ ಸರಿ. ದತ್ತಿ ಕೊಟ್ಟಾಗ ಮಾತ್ರ ಕಲ್ಲು ಬೇಕು, ಇಲ್ಲವೇ ತಾಮ್ರ. ಕಲ್ಲು ಊರಿನ ನಡುವೆ, ಗುಡಿಯ ಮುಂದೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದನ್ನು ತಿದ್ದಿದರೆ ತಿದ್ದಿದ್ದು ಕಾಣುತ್ತದೆ. ಕೊನೆಯಲ್ಲಿ, ಇದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂಬ ಶಾಪ. ಪಾಸ್‌ವರ್ಡಿಗಿಂತ ಅಗ್ಗದ ಕಾವಲು.

ಓಲೆಗರಿಯ ಕತೆ ಇನ್ನೂ ಸ್ವಾರಸ್ಯದ್ದು. ಮಲೆನಾಡಿನ ಮಳೆಗೆ, ಹುಳಕ್ಕೆ ಅದು ಸುಲಭದ ತುತ್ತು. ಆದ್ದರಿಂದ ಅಲ್ಲಿ ಉಳಿವು ಎಂದರೆ ಪ್ರತಿ ಮಾಡುವುದು. ಗರಿ ಸಾಯುತ್ತದೆ, ಪಠ್ಯ ಇನ್ನೊಂದು ಗರಿಗೆ ದಾಟುತ್ತದೆ. ಹುಂಚದಂಥ ಜೈನ ಕ್ಷೇತ್ರಗಳ ಪರಂಪರೆಯಲ್ಲಿ ಜ್ಯೇಷ್ಠ ಮಾಸದ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜಿಸುವ ರೂಢಿಯಿದೆ. ಮಳೆಗಾಲದ ಹೊಸ್ತಿಲಲ್ಲೇ ಈ ದಿನ ಬರುವುದು ಕಾಕತಾಳೀಯ ಇರಬಹುದು. ಆದರೂ ವರ್ಷಕ್ಕೊಮ್ಮೆ ಪ್ರತಿಯೊಂದು ಕಟ್ಟನ್ನೂ ಯಾರೋ ಒಬ್ಬರು ಕೈಯಾರೆ ಬಿಚ್ಚಿ ನೋಡುತ್ತಿದ್ದರು. ನಮ್ಮ ಡಿಜಿಟಲ್ ಯೋಜನೆಗಳಲ್ಲಿ ಉದ್ಘಾಟನೆಯ ದಿನವುಂಟು, ಶ್ರುತಪಂಚಮಿ ಇಲ್ಲ.

ಭದ್ರವಾಗಿಟ್ಟರೆ ಸಾಕೇ ಎಂದರೆ ಅದೂ ಸಾಲದು. ಮೂಡುಬಿದಿರೆಯಲ್ಲಿ ಧವಲಾ ಗ್ರಂಥಗಳ ಗರಿಗಳು ಶತಮಾನಗಟ್ಟಲೆ ಸುರಕ್ಷಿತವಾಗಿದ್ದವು. ಅಷ್ಟೇ ಕಾಲ ಅವು ಓದುಗರಿಂದಲೂ ಸುರಕ್ಷಿತವಾಗಿದ್ದವು. ಹೊರಗೆ ಬಂದ ಪ್ರತಿಗಳ ಆಧಾರದಿಂದ 1939ರಲ್ಲಿ ಅಚ್ಚು ಶುರುವಾದ ಮೇಲೆಯೇ ಅದು ವಿದ್ವತ್ತಿನ ಲೋಕದ ಗ್ರಂಥವಾದದ್ದು.

ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 8ನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ. ಹುಂಚದ ಪಂಚಕೂಟ ಬಸದಿಗೆ ಸಂಬಂಧಿಸಿದ 1077ರ ಶಾಸನವೂ ಅಲ್ಲಿ ಸಿಗುತ್ತದೆ. ರೈಸ್ ಮಾಡಿದ್ದು ಸರಳ: ಪಠ್ಯವನ್ನು ಕನ್ನಡ ಲಿಪಿಯಲ್ಲಿ ಕೊಟ್ಟ, ರೋಮನ್ನಿನಲ್ಲಿ ಕೊಟ್ಟ, ಇಂಗ್ಲಿಷಿನಲ್ಲಿ ಅನುವಾದಿಸಿದ, ತಾಲ್ಲೂಕುವಾರು ಸಂಖ್ಯೆ ಹಾಕಿದ. ಓದಿನಲ್ಲಿ ತಪ್ಪುಗಳಿವೆ, ಮುಂದಿನವರು ತಿದ್ದಿದ್ದಾರೆ. ಆದರೆ ಆ ಸಂಖ್ಯೆ ಹಿಡಿದು ಇಂದೂ ಕಲ್ಲನ್ನು ಹುಡುಕಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಊರು, ಗುಡಿ, ಗದ್ದೆಗಳ ಮೇಲೆ ನಿಂತಿತು. ಕಲ್ಲಿನ ಶಾಶ್ವತತೆ ಎಷ್ಟರದ್ದು ಎಂದು ಆಗ ತಿಳಿಯಿತು.

ನಮ್ಮ ಕಾಲದ ದೊಡ್ಡ ಪಾಠ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಸಾವಿರಾರು ಕನ್ನಡ ಪುಸ್ತಕಗಳಿದ್ದ ಈ ಭಂಡಾರ 2017ರ ಹೊತ್ತಿಗೆ ಹಕ್ಕುಸ್ವಾಮ್ಯದ ಕಾರಣ ಹೇಳಿ ಬಾಗಿಲು ಮುಚ್ಚಿತು. ಆ ಪುಸ್ತಕಗಳು ಇಂದು ಓದಲು ಸಿಗುತ್ತಿರುವುದು ಹೊರಗಿನವರು ಮುಂಚೆಯೇ ಪ್ರತಿ ತೆಗೆದು ಇಂಟರ್ನೆಟ್ ಆರ್ಕೈವಿಗೆ ಹಾಕಿದ್ದರಿಂದ. ಆದರೂ ಹುಡುಕುವುದು ಪ್ರಯಾಸ. ಪುಟಗಳೆಲ್ಲ ಬರಿಯ ಚಿತ್ರಗಳು, ಪುಸ್ತಕಕ್ಕೆ ಹೆಸರಿನ ಬದಲು ಬಾರ್‌ಕೋಡು, ಶೀರ್ಷಿಕೆಗಳು ಇಂಗ್ಲಿಷ್ ಅಕ್ಷರದಲ್ಲಿ ಮನಬಂದ ಕಾಗುಣಿತದಲ್ಲಿ. ಇದೆ, ಆದರೆ ಸಿಗುವುದಿಲ್ಲ. ಗ್ರಂಥ ಹುಳ ತಿಂದು ಹೋದರೆ ಕನಿಷ್ಠ ದುಃಖಪಡಬಹುದು.

ಇನ್ನೊಂದು ಹಾನಿ ಸದ್ದಿಲ್ಲದೆ ಆಗಿದೆ. ಯುನಿಕೋಡ್ ರೂಢಿಗೆ ಬರುವ ಮೊದಲು ನಮ್ಮ ಪುಸ್ತಕಗಳು ಪೇಜ್‌ಮೇಕರಿನಲ್ಲಿ, ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಸಿದ್ಧವಾದವು. ಆ ಕಡತಗಳನ್ನು ಈಗ ತೆರೆದರೆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕುಪ್ಪಳಿಯ ಮಗ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಅಷ್ಟು ತಲೆಕೆಡಿಸಿಕೊಂಡದ್ದು ಕೆಲವರಿಗೆ ಬೇಟೆ, ಫೋಟೋಗ್ರಫಿಯಂಥ ಇನ್ನೊಂದು ಹುಚ್ಚು ಎನಿಸಿತ್ತು. ಸಾಹಿತಿಗಳಲ್ಲಿ ಈ ಅಪಾಯ ಕಂಡವರು ಬಹಳ ಮಂದಿಯಿರಲಿಲ್ಲ. ಯುನಿಕೋಡ್ ಪಠ್ಯವಾಗಿದ್ದರೆ ಏನು ಸಾಧ್ಯ ಎಂಬುದಕ್ಕೆ ‘ವಚನ ಸಂಚಯ’ ಇದೆ. ಒಂದು ಪದ ಕೊಟ್ಟರೆ ಅದು ಬರುವ ವಚನಗಳು ಎದುರಿಗೆ ಬರುತ್ತವೆ.

ಹಾಗಾದರೆ ಮೂರು ತಾಲ್ಲೂಕಿನ ಭಂಡಾರವೊಂದು ಏನು ಆಯ್ದುಕೊಳ್ಳಬೇಕು? ತಜ್ಞರು ಮೊದಲು ಡೇಟಾಬೇಸಿನ ಹೆಸರು ಹೇಳುತ್ತಾರೆ, ಆಮೇಲೆ ಬಾಡಿಗೆಯ ಕ್ಲೌಡ್. ಎರಡೂ ಕೆಟ್ಟವಲ್ಲ. ನನ್ನ ತಕರಾರು, ಪಠ್ಯವನ್ನೂ ಚಿತ್ರವನ್ನೂ ಡೇಟಾಬೇಸಿನ ಹೊಟ್ಟೆಯೊಳಗೆ ತುಂಬಿ, ಆ ತಂತ್ರಾಂಶ ಇಲ್ಲದೆ ಒಂದು ಸಾಲೂ ಹೊರಬರದಂತೆ ಮಾಡುವುದರ ಬಗ್ಗೆ. ಮೂಲ ಚಿತ್ರಗಳು ಸಾದಾ ಕಡತಗಳಾಗಿ, ಅರ್ಥವಾಗುವ ಹೆಸರಿನಲ್ಲಿ, ಕನಿಷ್ಠ ಎರಡು ಊರಲ್ಲಿ ಇರಲಿ; ಅವು ಕಲ್ಲು, ಯಾರೂ ತಿದ್ದಬಾರದು. ಓದಿ ಬೆರಳಚ್ಚಿಸಿದ ಪಠ್ಯ ಯುನಿಕೋಡಿನಲ್ಲಿ ಬೇರೆ ಇರಲಿ. ಅದು ಕಡತ, ತಿದ್ದುಪಡಿ ನಡೆಯುತ್ತಲೇ ಇರುತ್ತದೆ. ಬಟ್ಟೆಯ ಕಡತದಲ್ಲಿ ಒರೆಸಿದ್ದು ಹೋಯಿತು, ಇಲ್ಲಿ ಯಾರು ಯಾವಾಗ ಏನು ತಿದ್ದಿದರೆಂಬುದು ಉಳಿಯಬೇಕು. ಡೇಟಾಬೇಸು ಸೂಚಿಯ ಕೆಲಸ ಮಾಡಲಿ. ಅದು ಸುಟ್ಟುಹೋದರೂ ಕಡತಗಳಿಂದ ಮತ್ತೆ ಕಟ್ಟಿಕೊಳ್ಳುವಂತಿರಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು, ನೆಟ್ಟು ಎರಡೂ ಹೋಗುವ ಸೀಮೆಯಲ್ಲಿ ಒಂದು ಪ್ರತಿ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕೈಗೆ ಸಿಗುವಂತಿರುವುದು ಅಗತ್ಯ.

ಕೆಳದಿಯ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಕೆಳದಿ ಗುಂಡಾ ಜೋಯಿಸರು ತಿಗಳಾರಿ, ಮೋಡಿ ಲಿಪಿಗಳನ್ನು ಓದಬಲ್ಲವರಾಗಿದ್ದರು. ಈ ಭಾಗದ ಎಷ್ಟೋ ಮನೆಗಳ ಓಲೆಗರಿ ತಿಗಳಾರಿಯಲ್ಲಿದೆ. ಆ ಲಿಪಿ ಬಾರದವರಿಗೆ ಆ ಗರಿಯೂ ಫಾಂಟಿಲ್ಲದ ಕಡತವೇ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿಗೆ ಸ್ಥಾನ ಸಿಕ್ಕಿತು. ಅಕ್ಷರಕ್ಕೆ ಈಗ ಸಂಕೇತವಿದೆ. ಗರಿಯನ್ನು ನೋಡಿ ಬೆರಳಚ್ಚಿಸಬಲ್ಲ ಕೈಗಳು ಮೂರು ತಾಲ್ಲೂಕಿನಲ್ಲಿ ಎಷ್ಟಿವೆ ಎಂದು ಸರ್ವರ್ ಕೊಳ್ಳುವ ಮೊದಲೇ ಎಣಿಸಿಕೊಳ್ಳುವುದು ಒಳ್ಳೆಯದು.