ನಗುವ ಹೂಗಳ ಹಾಳೆ

ಸಹಾಯಾರ್ಥ ಹರಾಜಿನ ಮೇಜಿನ ಮೇಲೆ ಜಪಾನಿನ ಕಲಾವಿದ ತಕಾಶಿ ಮುರಕಾಮಿಯ ಹೂವಿನ ಮುದ್ರಣವೊಂದು ಇದ್ದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ದುಂಡು ಮುಖ, ಸುತ್ತ ಹನ್ನೆರಡು ಎಸಳು, ಬಾಯ್ತುಂಬ ನಗು.

ಶಿಕಾಗೊ ಈ ಹೂಗಳನ್ನು ಚೆನ್ನಾಗಿ ಬಲ್ಲದು. 2017ರಲ್ಲಿ ಅಲ್ಲಿನ ಸಮಕಾಲೀನ ಕಲಾ ಮ್ಯೂಸಿಯಂನಲ್ಲಿ ನಡೆದ ಮುರಕಾಮಿಯವರ ಪ್ರದರ್ಶನಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದರು.

ಈ ಹೂಗಳು ಮಕ್ಕಳ ಸ್ಟಿಕ್ಕರಿನಂತೆ ಕಂಡರೂ ಅವುಗಳ ಹಿಂದೆ ದೊಡ್ಡ ಸಾಧನೆಯಿದೆ. 1962ರಲ್ಲಿ ಹುಟ್ಟಿದ ಮುರಕಾಮಿ ಜಪಾನಿನ ಸಾಂಪ್ರದಾಯಿಕ ಚಿತ್ರಕಲೆ ನಿಹೊಂಗಾದಲ್ಲಿ ಡಾಕ್ಟರೇಟ್ ಪಡೆದವರು. ಕಲಾಶಾಲೆಯ ಪ್ರವೇಶ ಪರೀಕ್ಷೆಗೆ ಓದುವವರಿಗೆ ಒಂಬತ್ತು ವರ್ಷ ಹೂ ಬಿಡಿಸುವುದನ್ನು ಕಲಿಸಿದರು. ಪಾಠಕ್ಕೆಂದು ತಾವೇ ಹೂ ಕೊಂಡು ತರುತ್ತಿದ್ದರು. ಅಷ್ಟು ದಿನ ದಿಟ್ಟಿಸಿದ ಮೇಲೆ ಹೂವಿಗೊಂದು ಮುಖ ಕಂಡದ್ದು ಸಹಜವೇ.

ಅವರ ಅನೇಕ ಮುದ್ರಣಗಳು ಆಫ್‌ಸೆಟ್ ಲಿಥೋಗ್ರಾಫ್‌ಗಳು, ಸಾಮಾನ್ಯವಾಗಿ 300 ಪ್ರತಿ. ಹಾಳೆಯನ್ನು ಬೆಳಕಿಗೆ ತುಸು ವಾಲಿಸಿದರೆ ವಾರ್ನಿಷ್ ಬಳಿದ ಎಸಳು ಫಳ್ಳೆಂದು ಹೊಳೆಯುತ್ತದೆ, ಪಕ್ಕದ್ದು ಮಂಕಾಗಿಯೇ ಉಳಿಯುತ್ತದೆ. ಫೋಟೊದಲ್ಲಿ ಈ ಆಟ ಸಿಗದು.

ಹರಾಜಿನಲ್ಲಿ ಕೂಗುವ ಮುನ್ನ ಹತ್ತಿರ ಹೋಗಿ, ಕೆಳ ಅಂಚಿನ ಸಹಿ, ಪ್ರತಿ ಸಂಖ್ಯೆ ನೋಡಿ. ಆಮೇಲೆ ಎರಡು ನಿಮಿಷ ಆ ಹೂಗಳನ್ನೂ ನೋಡಿ.